ಇಡ್ಲಿ ಹಿಟ್ಟಿಗೆ ಒಗ್ಗಿದ ಕೈಯಲ್ಲಿ ವೆನಿಲ್ಲಾ ಕಪ್‌ಕೇಕ್

ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ. ಹಾಗಾಗಿ ಮಗಳ ಹುಟ್ಟುಹಬ್ಬಕ್ಕೆ ಕಪ್‌ಕೇಕ್ ಮಾಡಲು ನಿಂತಾಗ ಮೊಸರು ಮತ್ತು ಅಡುಗೆ ಸೋಡಾವನ್ನೇ ನೆಚ್ಚಿಕೊಂಡೆ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಗಟ್ಟಿ ಮೊಸರು, ಅರ್ಧ ಕಪ್ ಸೂರ್ಯಕಾಂತಿ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಒಂದು ಚಮಚ ವೆನಿಲ್ಲಾ ಎಸೆನ್ಸ್. ಇಷ್ಟರಲ್ಲಿ ಹನ್ನೆರಡು ಆಗುತ್ತವೆ. ಈ ಅಳತೆಯನ್ನು ನಾನು ಇಂದಿಗೂ ಬದಲಿಸಿಲ್ಲ. ಆದರೂ ಮೊದಲ ಸಲದವು ಅರಳಲೇ ಇಲ್ಲ. ಕಚ್ಚಿದರೆ ರಬ್ಬರಿನಂತೆ ಎಳೆಯುತ್ತಿದ್ದವು.

ಎಡವಿದ್ದು ಕೈಯ ಅಭ್ಯಾಸದಿಂದ. ಉದ್ದಿನ ಹಿಟ್ಟನ್ನು ಚೆನ್ನಾಗಿ ತಿರುವಿದಷ್ಟೂ ಹಗುರವಾಗುತ್ತದೆ, ರಾತ್ರಿಯಿಡೀ ಬಿಟ್ಟರೆ ಉಬ್ಬುತ್ತದೆ. ಮೈದಾಕ್ಕೂ ಅದನ್ನೇ ಮಾಡಿದ್ದೆ: ಒಂದು ಗಂಟೂ ಉಳಿಯದಂತೆ ಹತ್ತು ನಿಮಿಷ ತಿರುವಿ, ತಟ್ಟೆ ಮುಚ್ಚಿಟ್ಟು, ಅರ್ಧ ಗಂಟೆಯ ಮೇಲೆ ಓವನ್ ಹಚ್ಚಿದ್ದೆ. ಹಸಿ ಮೈದಾವನ್ನು ತಿರುವಿದಷ್ಟೂ ಅದರ ಗ್ಲುಟೆನ್ ಎಳೆ ಬಿಗಿಯುತ್ತದೆ. ಹೋಳಿಗೆಯ ಕಣಕಕ್ಕೆ ಆ ಗುಣ ಬೇಕೇ ಬೇಕು, ಕೇಕಿಗೆ ಬೇಡ. ಸೋಡಾದ ಸ್ವಭಾವವೂ ಬೇರೆ. ಇಡ್ಲಿ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಗಂಟೆಗಟ್ಟಲೆ ಅನಿಲ ಹುಟ್ಟಿಸುತ್ತಲೇ ಇರುತ್ತವೆ; ಸೋಡಾ ಮಾತ್ರ ಮೊಸರಿನ ಹುಳಿ ತಾಗಿದೊಡನೆ ಕೆಲಸ ಆರಂಭಿಸಿ ಬೇಗ ಮುಗಿಸಿಬಿಡುತ್ತದೆ.

ಈಗ ಮೊದಲು ಓವನ್ ಅನ್ನು 180 ಡಿಗ್ರಿಗೆ ಇಟ್ಟು, ಅಚ್ಚುಗಳಲ್ಲಿ ಕಾಗದದ ಕಪ್ ಜೋಡಿಸಿದ ಮೇಲೆಯೇ ಮೊಸರಿಗೆ ಕೈ ಹಾಕುತ್ತೇನೆ. ಫ್ರಿಜ್ಜಿನಿಂದ ಮುಂಚೆಯೇ ತೆಗೆದಿಟ್ಟ ಮೊಸರಿನಲ್ಲಿ ಸಕ್ಕರೆ ಕರಗಿಸಿ, ಸೋಡಾ ಮತ್ತು ಬೇಕಿಂಗ್ ಪೌಡರ್ ಬೆರೆಸಿ ಐದು ನಿಮಿಷ ಬಿಡುತ್ತೇನೆ. ಮೊಸರು ಮೆಲ್ಲಗೆ ಮೇಲೇಳುತ್ತದೆ, ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಒಡೆಯುತ್ತವೆ, ಕಿವಿಯಿಟ್ಟರೆ ಸಣ್ಣ ಸರಸರ ಸದ್ದು. ಈ ಐದು ನಿಮಿಷ ನನಗೆ ಬಹಳ ಇಷ್ಟ. ಎಣ್ಣೆ, ಎಸೆನ್ಸ್ ಸೇರಿಸಿ, ಜರಡಿ ಹಿಡಿದ ಮೈದಾವನ್ನು ಎರಡು ಕಂತಿನಲ್ಲಿ ಹಾಕಿ, ಸೌಟನ್ನು ತಳದಿಂದ ಮೇಲಕ್ಕೆ ಮಗುಚುತ್ತೇನೆ. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸುತ್ತೇನೆ. ಸಣ್ಣ ಗಂಟುಗಳು ಉಳಿದರೆ ಉಳಿಯಲಿ.

ಕಪ್ಪುಗಳನ್ನು ಮುಕ್ಕಾಲಿಗಿಂತ ಕಡಿಮೆಯೇ ತುಂಬಿಸಬೇಕು. ಹದಿನೆಂಟರಿಂದ ಇಪ್ಪತ್ತು ನಿಮಿಷ ಸಾಕು. ಮೊದಲ ಹದಿನೈದು ನಿಮಿಷ ಎಷ್ಟೇ ಕುತೂಹಲವಾದರೂ ಬಾಗಿಲು ತೆರೆಯುವುದಿಲ್ಲ, ಗಟ್ಟಿಯಾಗದ ನಡುಭಾಗ ಕುಸಿಯುತ್ತದೆ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದಿದ್ದರೆ ಬೆಂದಿದೆ. ಐದು ನಿಮಿಷ ಬಿಟ್ಟು ಅಚ್ಚಿನಿಂದ ಎತ್ತಿಬಿಡುತ್ತೇನೆ, ಇಲ್ಲವಾದರೆ ಹಬೆಗೆ ಕಾಗದ ನೆನೆಯುತ್ತದೆ.

ನಮ್ಮಲ್ಲಿ ಮೇಲೆ ಕ್ರೀಮ್ ಹಾಕುವುದಿಲ್ಲ. ಬೆಣ್ಣೆ ಹಾಕಿ ಮಾಡಿದರೆ ಪರಿಮಳ ಹೆಚ್ಚು, ನಿಜ. ಆದರೆ ತಣ್ಣಗಾದರೆ ಗಟ್ಟಿಯಾಗುತ್ತವೆ, ಮಾಡಿದ ದಿನವೇ ತಿಂದು ಮುಗಿಸಬೇಕು. ಎಣ್ಣೆಯವು ಮುಚ್ಚಿದ ಡಬ್ಬಿಯಲ್ಲಿ ಮರುದಿನವೂ ಮೆತ್ತಗಿರುತ್ತವೆ. ಮಗಳ ಊಟದ ಡಬ್ಬಿಗೆ ಎರಡು ಹಾಕಿಕೊಡುತ್ತೇನೆ, ಒಂದು ಅವಳಿಗೆ, ಇನ್ನೊಂದು ಪಕ್ಕದಲ್ಲಿ ಕೂರುವ ಗೆಳತಿಗೆ.