ವಿಎಲ್‌ಸಿ ಬಳಸುವವರು ಪಾಲಿಸಬೇಕಾದ ಭದ್ರತಾ ಕ್ರಮಗಳು

ವಿಡಿಯೋ ಫೈಲ್ ಇರುವುದು ನೋಡುವುದಕ್ಕಷ್ಟೇ, ಅದರಿಂದ ಕಂಪ್ಯೂಟರಿಗೆ ಏನೂ ಆಗದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಎಂಪಿ4, ಎಂಕೆವಿ, ಎವಿಐ ಫೈಲುಗಳ ಒಳಗೆ ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲವೂ ಬೇರೆ ಬೇರೆ ತುಣುಕುಗಳಾಗಿ ಇರುತ್ತವೆ ಮತ್ತು ಪ್ರತಿ ತುಣುಕಿನ ಉದ್ದ ಎಷ್ಟು ಎಂಬುದನ್ನೂ ಫೈಲೇ ಪ್ಲೇಯರಿಗೆ, ಅಂದರೆ ವಿಡಿಯೋ ತೋರಿಸುವ ವಿಎಲ್‌ಸಿಯಂಥ ತಂತ್ರಾಂಶಕ್ಕೆ, ತಿಳಿಸುತ್ತದೆ. ಕಿಡಿಗೇಡಿಯೊಬ್ಬ ಈ ಉದ್ದವನ್ನು ಸುಳ್ಳಾಗಿ ನಮೂದಿಸಿ, ಪ್ಲೇಯರ್ ಅದನ್ನು ಪರೀಕ್ಷಿಸದೆ ನಂಬಿಬಿಟ್ಟರೆ, ಮೆಮೊರಿಯಲ್ಲಿ ಕಾದಿರಿಸಿದ ಜಾಗವನ್ನು ಮೀರಿ ದತ್ತಾಂಶವು ಪಕ್ಕದ ಜಾಗಕ್ಕೂ ಹರಿಯುತ್ತದೆ. ಇದನ್ನೇ ಬಫರ್ ಓವರ್‌ಫ್ಲೋ ಎನ್ನುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಪ್ಲೇಯರ್ ಕ್ರ್ಯಾಶ್ ಆಗುವುದರೊಂದಿಗೆ ವಿಷಯ ಮುಗಿಯುತ್ತದೆ. ನುರಿತ ದಾಳಿಕೋರನಾದರೆ ಅದೇ ದಾರಿಯಿಂದ ತನ್ನ ಕೋಡನ್ನು ಒಳಗೆ ನುಗ್ಗಿಸಿ, ನಿಮಗಿರುವ ಅಧಿಕಾರದಲ್ಲೇ ಅದನ್ನು ಚಲಾಯಿಸಬಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು ಪ್ಲೇಯರಿನ ಆವೃತ್ತಿಯನ್ನು. ವಿಎಲ್‌ಸಿಯಲ್ಲಿ 'ಹೆಲ್ಪ್' ಮೆನುವಿನ 'ಅಬೌಟ್' ಒತ್ತಿದರೆ ಆವೃತ್ತಿಯ ಸಂಖ್ಯೆ ಕಾಣಿಸುತ್ತದೆ. ವಿಂಡೋಸಿನಲ್ಲಿ ಅದೇ ಮೆನುವಿನ 'ಚೆಕ್ ಫಾರ್ ಅಪ್‌ಡೇಟ್ಸ್' ಹೊಸದನ್ನು ತಂದುಕೊಡುತ್ತದೆ. 2019ರ ಜೂನ್‌ನಲ್ಲಿ ಬಂದ 3.0.7ರಲ್ಲಿ, ಅದಕ್ಕೆ ಹಿಂದಿನ ಯಾವ ಆವೃತ್ತಿಗಿಂತಲೂ ಹೆಚ್ಚು ಭದ್ರತಾ ಲೋಪಗಳನ್ನು ಸರಿಪಡಿಸಲಾಗಿತ್ತು. ಎವಿಐ ಫೈಲ್ ಓದುವ ಭಾಗದಲ್ಲಿ ಬಫರ್ ಓವರ್‌ಫ್ಲೋ ಇತ್ತು. ಎಂಕೆವಿ ಓದುವ ಭಾಗ ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಎರಡನೆಯ ಸಲ ಬಿಟ್ಟುಕೊಡುತ್ತಿತ್ತು. ತಪ್ಪು ಹುಡುಕಿದವರಿಗೆ ಬಹುಮಾನ ನೀಡುವ ಯೋಜನೆಯೊಂದಕ್ಕೆ ಐರೋಪ್ಯ ಒಕ್ಕೂಟ ಹಣ ಒದಗಿಸಿದ್ದರಿಂದಲೇ ಇಷ್ಟೊಂದು ಲೋಪಗಳು ಒಟ್ಟಿಗೆ ಬೆಳಕಿಗೆ ಬಂದವು. ಹುಡುಕುವವರಿದ್ದರೆ ಸಿಗುತ್ತವೆ ಎಂಬುದು ಇದರಿಂದ ಸ್ಪಷ್ಟ. 2024ರಲ್ಲಿ ಬಂದ 3.0.21ರಲ್ಲಿಯೂ ಇಂಥದೊಂದು ತಪ್ಪನ್ನು ಸರಿಪಡಿಸಿದ್ದಾರೆ. ನಿಮ್ಮಲ್ಲಿರುವುದು ಅದಕ್ಕಿಂತ ಹಳೆಯದಾಗಿದ್ದರೆ ಮುಂದಿನ ವಿಡಿಯೋ ತೆರೆಯುವ ಮೊದಲೇ ಅಪ್‌ಡೇಟ್ ಮಾಡಿ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ, ಅಂಗಡಿಯಲ್ಲಿ ಹತ್ತಾರು ಜನರ ಪೆನ್‌ಡ್ರೈವ್ ಹಾಕಿಸಿಕೊಳ್ಳುವ ಯಂತ್ರಗಳನ್ನು ನೋಡಿಕೊಳ್ಳುವವರು ಇದನ್ನು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಅಂಥ ಕಡೆ ಯಾರ ಫೈಲ್ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿರುವುದಿಲ್ಲ.

ಪ್ಲೇಯರನ್ನು ಎಲ್ಲಿಂದ ಪಡೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ. 2022ರಲ್ಲಿ ವಿಎಲ್‌ಸಿ ತಯಾರಿಸುವ ವಿಡಿಯೋಲ್ಯಾನ್ ಸಂಸ್ಥೆಯ ಜಾಲತಾಣವನ್ನು ಭಾರತದಲ್ಲಿ ಹಲವು ತಿಂಗಳು ನಿರ್ಬಂಧಿಸಲಾಗಿತ್ತು. ನವೆಂಬರ್‌ನಲ್ಲಿ ಅದು ತೆರವಾಯಿತು. ಅಧಿಕೃತ ತಾಣವೇ ಸಿಗದಿದ್ದಾಗ ಜನರು ಸಿಕ್ಕಸಿಕ್ಕ ತಾಣಗಳಿಂದ ಇಳಿಸಿಕೊಳ್ಳುವುದು ಸಹಜ, ಅಪಾಯವಿದ್ದದ್ದೂ ಅಲ್ಲಿಯೇ. ಅದೇ ವರ್ಷ ಸೈಬರ್ ಭದ್ರತಾ ಕಂಪನಿ ಸಿಮ್ಯಾಂಟೆಕ್‌ನ ಸಂಶೋಧಕರು ಸಿಕಾಡಾ ಎಂಬ ಗುಂಪಿನ ದಾಳಿಗಳನ್ನು ವಿವರಿಸಿದ್ದರು: ದಾಳಿಕೋರರು ತಾವು ಒಳಹೊಕ್ಕ ಯಂತ್ರಗಳಲ್ಲಿ ಅಸಲಿ ವಿಎಲ್‌ಸಿಯ ಮೂಲಕವೇ ನಕಲಿ ಡಿಎಲ್‌ಎಲ್ ಫೈಲೊಂದನ್ನು (ಪ್ರೋಗ್ರಾಂ ತಾನು ಓಡುವಾಗ ಬಳಸಿಕೊಳ್ಳುವ ಕೋಡ್ ಇರುವ ಫೈಲ್) ಲೋಡ್ ಮಾಡಿಸಿದ್ದರು. ಇಳಿಸಿಕೊಂಡ ಫೈಲ್ ಅಸಲಿಯೇ ಎಂದು ವಿಂಡೋಸಿನಲ್ಲಿ ತಿಳಿಯಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆಯಿರಿ, 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಟ್ಯಾಬಿನಲ್ಲಿ ವಿಡಿಯೋಲ್ಯಾನ್ ಹೆಸರಿದೆಯೇ ನೋಡಿ, 'ಡೀಟೇಲ್ಸ್' ಒತ್ತಿ ಸಹಿ ಸರಿಯಿದೆ ಎಂಬ ಸಾಲನ್ನೂ ಓದಿಕೊಳ್ಳಿ. ಆ ಟ್ಯಾಬೇ ಇಲ್ಲದಿದ್ದರೆ ಫೈಲನ್ನು ಅಳಿಸಿಹಾಕಿ. ಸ್ನೇಹಿತರ ಪೆನ್‌ಡ್ರೈವಿನಲ್ಲಿ ಬಂದ ವಿಎಲ್‌ಸಿಗೂ ಇದೇ ಪರೀಕ್ಷೆ ನಡೆಯಲಿ; ಅದು ಬರೀ ಫೋಲ್ಡರಿನ ರೂಪದಲ್ಲಿ ಬಂದಿದ್ದರೆ, ಒಳಗೆ ಇಂಥ ನಕಲಿ ಡಿಎಲ್‌ಎಲ್ ಸೇರಿರಬಹುದಾದ್ದರಿಂದ, ಬಳಸದಿರುವುದೇ ಮೇಲು.

ಸಬ್‌ಟೈಟಲ್ ಫೈಲಿನ ಬಗ್ಗೆ ಯಾರೂ ಸಂಶಯಪಡುವುದಿಲ್ಲ, ಅದು ಬರಿಯ ಅಕ್ಷರ ತಾನೇ ಎಂದುಕೊಳ್ಳುತ್ತೇವೆ. 2017ರ ಮೇ ತಿಂಗಳಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ವಿಎಲ್‌ಸಿ, ಕೋಡಿ, ಪಾಪ್‌ಕಾರ್ನ್ ಟೈಮ್, ಸ್ಟ್ರೀಮಿಯೋ ಎಂಬ ನಾಲ್ಕು ಪ್ಲೇಯರುಗಳನ್ನು ಸಬ್‌ಟೈಟಲ್ ಮೂಲಕವೇ ವಶಪಡಿಸಿಕೊಳ್ಳಬಹುದೆಂದು ತೋರಿಸಿಕೊಟ್ಟರು. ಸಬ್‌ಟೈಟಲ್ ತಾಣಗಳಲ್ಲಿ ಫೈಲಿಗೆ ಸಿಗುವ ಅಂಕಗಳನ್ನು ಕೃತಕವಾಗಿ ಏರಿಸಿದರೆ ದುಷ್ಟ ಫೈಲೇ ಪಟ್ಟಿಯ ಮೊದಲಿಗೆ ಬಂದು, ಪ್ಲೇಯರ್ ಅದನ್ನು ತಾನಾಗಿ ಇಳಿಸಿಕೊಳ್ಳುವ ಸಾಧ್ಯತೆಯೂ ಇತ್ತು. ಆ ತಪ್ಪುಗಳು ಸರಿಯಾಗಿವೆ. ಆದರೂ ತಾನಾಗಿ ಸಬ್‌ಟೈಟಲ್ ಇಳಿಸುವ ಸೌಲಭ್ಯವನ್ನು ನಿಲ್ಲಿಸಿ, ಬೇಕಾದಾಗ ನೀವೇ ಆರಿಸಿಕೊಳ್ಳುವುದು ಉತ್ತಮ.

ವಿಂಡೋಸಿನಲ್ಲಿ ಫೈಲ್ ಹೆಸರಿನ ಕೊನೆಯ ವಿಸ್ತರಣೆ (ಫೈಲಿನ ಬಗೆಯನ್ನು ಹೇಳುವ ಅಕ್ಷರಗಳು) ಸಾಮಾನ್ಯವಾಗಿ ಮರೆಯಾಗಿರುತ್ತದೆ. ಎಂಪಿ4 ಎಂದು ಕಾಣುವುದು ನಿಜಕ್ಕೂ ಇಎಕ್ಸ್‌ಇ, ಅಂದರೆ ತೆರೆದೊಡನೆ ಓಡುವ ಪ್ರೋಗ್ರಾಂ, ಆಗಿರಬಹುದು. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಮೆನುವಿನಲ್ಲಿ ವಿಸ್ತರಣೆಗಳನ್ನು ತೋರಿಸುವ ಆಯ್ಕೆಯನ್ನು ಸಕ್ರಿಯಗೊಳಿಸಿ. ಈ ವಿಡಿಯೋ ನೋಡಲು ಕೋಡೆಕ್ ಪ್ಯಾಕ್ (ವಿಡಿಯೋವನ್ನು ಬಿಡಿಸಿ ತೋರಿಸುವ ತಂತ್ರಾಂಶಗಳ ಕಟ್ಟು) ಬೇಕು ಎಂದು ಯಾವ ತಾಣ ಹೇಳಿದರೂ ಕಿವಿಗೊಡಬೇಡಿ, ವಿಎಲ್‌ಸಿಗೆ ಬೇಕಾದ ಕೋಡೆಕ್‌ಗಳು ಅದರೊಳಗೇ ಇವೆ.

ಮೊಬೈಲಿನಲ್ಲಿ ವಿಷಯ ಇನ್ನೂ ಸೂಕ್ಷ್ಮ. 2015ರಲ್ಲಿ ಬಯಲಾದ ಸ್ಟೇಜ್‌ಫ್ರೈಟ್ ಲೋಪ ಆಂಡ್ರಾಯ್ಡಿನ ಮಾಧ್ಯಮ ಲೈಬ್ರರಿಯಲ್ಲೇ (ಬೇರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇತ್ತು. ವಿಡಿಯೋ ಸಂದೇಶ ತಲುಪಿದರೆ ಸಾಕಿತ್ತು, ತೆರೆಯಬೇಕೆಂದೂ ಇರಲಿಲ್ಲ. ಆಂಡ್ರಾಯ್ಡಿಗೆ ತಿಂಗಳಿಗೊಮ್ಮೆ ಭದ್ರತಾ ಪ್ಯಾಚ್ (ಲೋಪ ಸರಿಪಡಿಸುವ ಅಪ್‌ಡೇಟ್) ಬರುವ ಪರಿಪಾಠ ಆರಂಭವಾದದ್ದು ಅದರ ನಂತರ. 2019ರಲ್ಲಿ ವಾಟ್ಸಾಪ್‌ನಲ್ಲಿಯೂ ಎಂಪಿ4 ಫೈಲಿಗೆ ಸಂಬಂಧಿಸಿದ ಇಂಥದೇ ಲೋಪ ಕಂಡುಬಂದು, ಭಾರತದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಕೆ ನೀಡಿತ್ತು. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ' ತೆರೆದು ವಿಡಿಯೋಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿ.

ಎಚ್ಚರಿಕೆಗಳನ್ನು ಓದುವಾಗಲೂ ವಿವೇಚನೆ ಬೇಕು. 2019ರ ಜುಲೈಯಲ್ಲಿ ವಿಎಲ್‌ಸಿಯಲ್ಲಿ ಗಂಭೀರ ಲೋಪವಿದೆ, ತಕ್ಷಣ ಅಳಿಸಿ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಮೊದಲು ಕೊಟ್ಟಿದ್ದ ತೀವ್ರತೆಯ ಅಂಕ 10ಕ್ಕೆ 9.8. ವಾಸ್ತವದಲ್ಲಿ ತಪ್ಪಿದ್ದದ್ದು ಲಿಬ್‌ಇಬಿಎಂಎಲ್ ಎಂಬ ಬೇರೆ ಲೈಬ್ರರಿಯಲ್ಲಿ, ಅದನ್ನು ಸರಿಪಡಿಸಿ ವರ್ಷಕ್ಕೂ ಹೆಚ್ಚು ಕಳೆದಿತ್ತು, ವಿಎಲ್‌ಸಿ ತನ್ನ 3.0.3ರಿಂದಲೇ ಸರಿಪಡಿಸಿದ ರೂಪವನ್ನು ಕೊಡುತ್ತಿತ್ತು. ದೂರು ಕೊಟ್ಟವರ ಉಬುಂಟು 18.04ರಲ್ಲಿ ಹಳೆಯ ಲೈಬ್ರರಿ ಉಳಿದಿತ್ತು. ಆಮೇಲೆ ಅಂಕವನ್ನು 5.5ಕ್ಕೆ ಇಳಿಸಿದರು. ಹಾಗಾಗಿ ಎಚ್ಚರಿಕೆ ಕಂಡಾಗ ಯಾವ ಆವೃತ್ತಿ, ಯಾವ ಕಾರ್ಯಾಚರಣ ವ್ಯವಸ್ಥೆ, ಪ್ಯಾಚ್ ಬಂದಿದೆಯೇ ಎಂಬುದನ್ನು ವಿಡಿಯೋಲ್ಯಾನ್ ತಾಣದ ಭದ್ರತಾ ಪ್ರಕಟಣೆಗಳ ಪುಟದಲ್ಲಿ ತಾಳೆ ನೋಡಿ. ಲಿನಕ್ಸ್ ಬಳಸುವವರು ವಿಎಲ್‌ಸಿ ಒಂದನ್ನೇ ಅಲ್ಲದೆ ಇಡೀ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಬೇಕು, ಏಕೆಂದರೆ ಅಲ್ಲಿ ಲೈಬ್ರರಿಗಳು ಪ್ರತ್ಯೇಕವಾಗಿ ಬರುತ್ತವೆ.

ತಯಾರಕರೇ ಕೈಬಿಟ್ಟ ಪ್ಲೇಯರಿಗೆ ಮಾತ್ರ ಈ ಯಾವ ಕ್ರಮವೂ ಸಾಲದು. ವಿಂಡೋಸಿನ ಕ್ವಿಕ್‌ಟೈಮ್‌ನಲ್ಲಿ 2016ರಲ್ಲಿ ಎರಡು ಲೋಪಗಳು ಪ್ರಕಟವಾದಾಗ ಆಪಲ್ ಅದಕ್ಕೆ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿತ್ತು. ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಅದನ್ನು ತೆಗೆದುಹಾಕಿ ಎಂದೇ ಸೂಚಿಸಿತು. ನಿಮ್ಮ ಹಳೆಯ ಯಂತ್ರದ 'ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್' ಪಟ್ಟಿಯಲ್ಲಿ ಅದು ಈಗಲೂ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ.