ಹೊರಗುತ್ತಿಗೆ ಟೆಂಡರ್ ಹಿಡಿಯುವ ಸಣ್ಣ ಏಜೆನ್ಸಿ: ದರ ಹಾಕುವುದರಿಂದ ಬಿಲ್ ಪಾಸಾಗುವವರೆಗೆ

ಸರ್ಕಾರಿ ಆಸ್ಪತ್ರೆ, ಹಾಸ್ಟೆಲ್, ತಾಲ್ಲೂಕು ಕಚೇರಿಗಳಿಗೆ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಡೇಟಾ ಎಂಟ್ರಿ ಸಿಬ್ಬಂದಿ ಕೊಡುವ ಸಣ್ಣ ಏಜೆನ್ಸಿಗಳ ಬಿಲ್ ಹೆಚ್ಚಾಗಿ ನಿಲ್ಲುವುದು ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಗದದಲ್ಲಿ. ಕಡತ ನೋಡುವ ಕೇಸ್ ವರ್ಕರ್ ಬೇಕೆಂದೇ ಸತಾಯಿಸುತ್ತಿದ್ದಾರೆ ಅನ್ನಿಸಬಹುದು. ಆದರೆ ಕಾನೂನಿನ ಕಣ್ಣಲ್ಲಿ ಇಲಾಖೆಯೇ ಪ್ರಿನ್ಸಿಪಲ್ ಎಂಪ್ಲಾಯರ್, ಅಂದರೆ ಮೂಲ ಮಾಲೀಕ. ಗುತ್ತಿಗೆದಾರ ಸಂಬಳ ಕೊಡದಿದ್ದರೆ, ವಂತಿಗೆ ಕಟ್ಟದಿದ್ದರೆ ಅದು ಇಲಾಖೆಯ ತಲೆಗೆ ಬರುತ್ತದೆ. ಹಾಗೆ ತಾನು ಕೊಟ್ಟದ್ದನ್ನು ಇಲಾಖೆ ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. ಹಾಗಾಗಿ ಚಲನ್ ನೋಡದೆ ಹಣ ಬಿಡಲು ಅವರಿಗೆ ಧೈರ್ಯ ಬರುವುದಿಲ್ಲ. ಕಾರ್ಮಿಕರ ಲೆಕ್ಕವೂ ಬಿಲ್ಲಿನ ಭಾಗವೇ ಎಂದುಕೊಂಡು ಕೆಲಸ ಶುರುಮಾಡಿದರೆ ಮುಂದಿನ ಅರ್ಧ ತಾಪತ್ರಯ ಇರುವುದಿಲ್ಲ.

ದರ ಹಾಕುವ ಮೊದಲು

ನಷ್ಟದ ಬೀಜ ಬೀಳುವುದು ಇಲ್ಲೇ. ಮೊದಲು ಆ ಕೆಲಸದ ವರ್ಗ, ವಲಯ, ಕೌಶಲಕ್ಕೆ ಜಾರಿಯಲ್ಲಿರುವ ಕನಿಷ್ಠ ವೇತನದ ಆದೇಶವನ್ನು ಎದುರಿಗಿಟ್ಟುಕೊಳ್ಳಿ. ಲೆಕ್ಕ ತೋರಿಸಲು ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ಪಿಎಫ್‌ನಲ್ಲಿ ಮಾಲೀಕರ ಪಾಲು 12%, ಇಡಿಎಲ್‌ಐ ವಿಮೆ 0.5%, ಆಡಳಿತ ಶುಲ್ಕ 0.5%, ಒಟ್ಟು 13% ಅಂದರೆ 1,950. ಇಎಸ್‌ಐ 3.25%, ಅಂದರೆ 488. ಇಲ್ಲಿಗೆ 17,438 ಆಯಿತು. ಬಹಳ ಜನ ಇಲ್ಲಿಗೇ ನಿಲ್ಲಿಸಿ ಕೋಟ್ ಮಾಡುತ್ತಾರೆ. ಕನಿಷ್ಠ ಬೋನಸ್ 8.33% ಸೇರಿಸಿ: 1,250. ಗ್ರಾಚ್ಯುಟಿಗೆ 4.81% ತೆಗೆದಿಡಿ: 722. ಒಬ್ಬರಿಗೆ 19,410 ಆಗುತ್ತದೆ. ಕೊನೆಯ ಎರಡನ್ನು ಬಿಟ್ಟರೆ 30 ಜನರ ಗುತ್ತಿಗೆಯಲ್ಲಿ ತಿಂಗಳಿಗೆ 59,160 ರೂಪಾಯಿ ಕೈಯಿಂದ ಹೋಗುತ್ತದೆ. ಸೇವಾ ಶುಲ್ಕ ಮಾತ್ರ ಕೋಟ್ ಮಾಡುವ ಟೆಂಡರ್ ಆದರೆ ಬೋನಸ್, ಗ್ರಾಚ್ಯುಟಿ, ಸಮವಸ್ತ್ರವನ್ನು ಇಲಾಖೆ ಪ್ರತ್ಯೇಕವಾಗಿ ಕೊಡುತ್ತದೆಯೇ ಎಂದು ಪ್ರೀ-ಬಿಡ್ (ಟೆಂಡರ್ ಹಾಕುವ ಮುಂಚಿನ) ಮೀಟಿಂಗಿನಲ್ಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಸೆಕ್ಯುರಿಟಿ ಟೆಂಡರ್‌ನಲ್ಲಿ ಇನ್ನೊಂದು ಗುಂಡಿ ಇದೆ. 24 ಗಂಟೆಯ ಒಂದು ಪಾಯಿಂಟ್‌ಗೆ (ಕಾವಲು ಜಾಗಕ್ಕೆ) ದಿನಕ್ಕೆ ಮೂರು ಪಾಳಿ, ವಾರಕ್ಕೆ 21 ಪಾಳಿ. ವಾರದ ರಜೆ ಕೊಟ್ಟರೆ ಒಬ್ಬರು ಮಾಡುವುದು ಆರೇ. ಅಂದರೆ ಬೇಕಾಗುವುದು ಮೂರೂವರೆ ಜನ, ಮೂರಲ್ಲ. ಮೂರಕ್ಕೆ ಕೋಟ್ ಮಾಡಿದ ಏಜೆನ್ಸಿ ಕಡೆಗೆ ರಜೆ ಕೊಡದೆ ದುಡಿಸುತ್ತದೆ, ಇಲ್ಲವೇ ಒಬ್ಬರನ್ನು 12 ಗಂಟೆ ನಿಲ್ಲಿಸಿ ಓವರ್‌ಟೈಮ್ ತಿನ್ನುತ್ತದೆ. ಎರಡೂ ಕಾನೂನು ಮುರಿದಂತೆ, ಎರಡೂ ಆ ಮನುಷ್ಯನ ಮೈಮೇಲೆ ಬೀಳುವಂಥವು.

ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಏರುತ್ತದೆ. ಏರಿದ ವ್ಯತ್ಯಾಸವನ್ನು ಇಲಾಖೆ ಭರಿಸುತ್ತದೆ ಎಂಬ ಷರತ್ತು ಟೆಂಡರ್‌ನಲ್ಲಿ ಇಲ್ಲದಿದ್ದರೆ ಅದೂ ನಿಮ್ಮದೇ. ಕೈಯಲ್ಲಿ ಕನಿಷ್ಠ ಮೂರು ತಿಂಗಳ ಬಂಡವಾಳವೂ ಇರಬೇಕು: ಮೇಲಿನ ಲೆಕ್ಕದಲ್ಲಿ 30 ಜನರ ಸಂಬಳ, ಪಿಎಫ್, ಇಎಸ್‌ಐಗೇ ಸುಮಾರು 15.7 ಲಕ್ಷ. ಬಿಲ್ ಬಂದ ಮೇಲೆ ಸಂಬಳ ಕೊಡುತ್ತೇನೆ ಎನ್ನುವ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ವರ್ಕ್ ಆರ್ಡರ್ ಬಂದಾಗ

ಪಿಎಫ್ ಕಡ್ಡಾಯವಾಗುವುದು 20 ಜನರಿಗೆ, ಇಎಸ್‌ಐ 10 ಜನರಿಗೆ. ನಿಮ್ಮಲ್ಲಿ 12 ಜನರಷ್ಟೇ ಇದ್ದರೂ ಟೆಂಡರ್ ಪಿಎಫ್ ಕೋಡ್ (ನೋಂದಣಿ ಸಂಖ್ಯೆ) ಕೇಳುತ್ತದೆ. ಸ್ವಯಂಪ್ರೇರಿತವಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯವಾಗುವ ಸಂಖ್ಯೆ 20ರಿಂದ 50ಕ್ಕೆ ಏರಿದೆ. ಆದರೆ ಟೆಂಡರ್ ಷರತ್ತಿನಲ್ಲಿ ಗುತ್ತಿಗೆ ಕಾರ್ಮಿಕರ ಲೈಸೆನ್ಸ್ ಬೇಕು ಎಂದು ಬರೆದಿದ್ದರೆ ಸಂಹಿತೆ ತೋರಿಸಿ ವಾದ ಮಾಡುವುದು ಬಿಲ್ ಹೊತ್ತಿನಲ್ಲಿ ಫಲ ಕೊಡದು. ಇದನ್ನೂ ಪ್ರೀ-ಬಿಡ್‌ನಲ್ಲೇ ತೀರ್ಮಾನಿಸಿಕೊಳ್ಳಿ. ನೇಮಕಾತಿ ಪತ್ರ ಈಗ ಎಲ್ಲರಿಗೂ ಕಡ್ಡಾಯ. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಬೇಕು. ಬೇಸಿಕ್ ಇಳಿಸಿ ಪಿಎಫ್ ಉಳಿಸುವ ಹಳೆಯ ಜಾಣತನಕ್ಕೆ ಇನ್ನು ದಾರಿಯಿಲ್ಲ.

ಕೆಲಸಗಾರರನ್ನು ಕಳಿಸುವ ಮುಂಚೆ ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ, ಬ್ಯಾಂಕ್ ಖಾತೆಯ ಹೆಸರು ಮೂರನ್ನೂ ತಾಳೆ ನೋಡಿ. ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಇದೆಯೇ ಕೇಳಿ. ಇದ್ದರೆ ಅದನ್ನೇ ಬಳಸಿ. ಹೊಸ ಯುಎಎನ್‌ಗೆ 2025ರ ಆಗಸ್ಟ್‌ನಿಂದ ಉಮಂಗ್ ಆ್ಯಪಿನಲ್ಲಿ ಮುಖ ದೃಢೀಕರಣ ಬೇಕು. ಕೆಲಸಗಾರರೇ ಕೂತು ಮಾಡಬೇಕಾದ್ದರಿಂದ ಸೇರುವ ದಿನವೇ ಮುಗಿಸಿಬಿಡಿ. ಇಎಸ್‌ಐನ ಐಪಿ ನಂಬರ್ (ವಿಮೆದಾರರ ಸಂಖ್ಯೆ) ಇಲ್ಲದೆ ಯಾರನ್ನೂ ಸೈಟಿಗೆ ಕಳಿಸಬೇಡಿ. ನಂಬರ್ ಮಾಡಿಸುವ ಮುಂಚೆ ಅಪಘಾತವಾದರೆ ಆ ಕುಟುಂಬ ಅಲೆದಾಡಬೇಕಾಗುತ್ತದೆ, ಖರ್ಚೂ ನಿಮ್ಮ ಮೇಲೆ ಬರಬಹುದು. ತಿಂಗಳಿಗೆ 21,000 ದಾಟುವವರು ಇಎಸ್‌ಐಗೆ ಬರುವುದಿಲ್ಲ; ಅವರಿಗೆ ನೌಕರರ ನಷ್ಟ ಪರಿಹಾರ ಪಾಲಿಸಿ ಮಾಡಿಸಿ.

ತಿಂಗಳು ತಿಂಗಳು

ಮುಂದಿನ ತಿಂಗಳ 7ರೊಳಗೆ ಸಂಬಳ, ಬ್ಯಾಂಕ್ ಖಾತೆಗೆ. 15ರೊಳಗೆ ಪಿಎಫ್, ಇಎಸ್‌ಐ. 20ರೊಳಗೆ ವೃತ್ತಿ ತೆರಿಗೆ: 25,000 ಅಥವಾ ಹೆಚ್ಚು ಸಂಬಳದವರಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300. ನೌಕರರಿಂದ ಹಿಡಿಯುವುದು ಪಿಎಫ್ 12%, ಇಎಸ್‌ಐ 0.75% ಮಾತ್ರ. 15,000ದ ಲೆಕ್ಕದಲ್ಲಿ 1,800 ಮತ್ತು 113 ಕಳೆದು ಅವರ ಕೈಗೆ 13,087 ಸಿಗಬೇಕು. ಮಾಲೀಕರ ಪಾಲನ್ನೂ ಅವರ ಸಂಬಳದಲ್ಲೇ ಮುರಿದುಕೊಳ್ಳುವುದು, ಖಾತೆಗೆ ಹಾಕಿ ಒಂದಿಷ್ಟು ನಗದಾಗಿ ವಾಪಸ್ ಕೇಳುವುದು ಅಪರಾಧ. ಬಡವರ ದುಡಿಮೆಯನ್ನು ಕದಿಯುವ ಈ ಪದ್ಧತಿ ಎಷ್ಟೇ ರೂಢಿಯಲ್ಲಿದ್ದರೂ ಅದರ ಹತ್ತಿರ ಹೋಗಬೇಡಿ. ಪಿಎಫ್ ತಡವಾದರೆ ವರ್ಷಕ್ಕೆ 12% ಬಡ್ಡಿ, ಅದರ ಜೊತೆಗೆ ಬಾಕಿಗೆ ತಿಂಗಳಿಗೆ 1% ದಂಡ.

ಬಿಲ್ ಜೊತೆ ಹೋಗಬೇಕಾದ ಕಟ್ಟು ಇಷ್ಟು: ಇಲಾಖೆಯ ಅಧಿಕಾರಿ ಸಹಿ ಮಾಡಿದ ಹಾಜರಾತಿ, ವೇತನ ಪಟ್ಟಿ, ಬ್ಯಾಂಕ್ ವರ್ಗಾವಣೆಯ ಸ್ಟೇಟ್‌ಮೆಂಟ್, ಪಿಎಫ್ ಇಸಿಆರ್ (ಯಾರಿಗೆ ಎಷ್ಟು ಕಟ್ಟಿದೆ ಎಂಬ ತಿಂಗಳ ಪಟ್ಟಿ) ಮತ್ತು ಹಣ ಕಟ್ಟಿದ ರಸೀದಿ, ಇಎಸ್‌ಐ ಚಲನ್ ಮತ್ತು ವಂತಿಗೆ ಪಟ್ಟಿ. ನಾಲ್ಕು ಕಡೆ ಗುತ್ತಿಗೆ ಇದ್ದರೆ ಇಸಿಆರ್ ಎಲ್ಲರಿಗೂ ಸೇರಿ ಒಂದೇ ಬರುತ್ತದೆ. ಇನ್ನೂರು ಹೆಸರಿನಲ್ಲಿ ತಮ್ಮ 30 ಜನರನ್ನು ಲೆಕ್ಕ ಶಾಖೆಯವರು ಹುಡುಕುತ್ತಾ ಕೂರುವುದಿಲ್ಲ. ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಾರೆ. ಆ ಕಚೇರಿಯವರದ್ದೇ ಬೇರೆ ಹಾಳೆ ಮಾಡಿ: ಹೆಸರು, ಯುಎಎನ್, ಐಪಿ ನಂಬರ್, ಹಾಜರಿ, ವೇತನ, ಕಟ್ಟಿದ ವಂತಿಗೆ, ಇಸಿಆರ್‌ನ ಯಾವ ಪುಟ.

ಸಣ್ಣದಾಗಿ ಕಂಡರೂ ಬಿಲ್ ನಿಲ್ಲಿಸುವ ಕಾಲಂ ಒಂದಿದೆ: ಇಸಿಆರ್‌ನ ಎನ್‌ಸಿಪಿ ದಿನಗಳು, ಅಂದರೆ ಸಂಬಳವಿಲ್ಲದ ದಿನಗಳು. ಒಬ್ಬರು ನಾಲ್ಕು ದಿನ ಗೈರಾಗಿದ್ದು ಸಂಬಳ ಮುರಿದಿದ್ದರೆ ಅಲ್ಲಿ 4 ಇರಬೇಕು. ಸೊನ್ನೆ ಹಾಕಿ ವೇತನ ಮಾತ್ರ ಕಡಿಮೆ ತೋರಿಸಿದರೆ ಪೂರ್ತಿ ತಿಂಗಳಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಂತೆ ಕಾಣುತ್ತದೆ. ಹಾಜರಾತಿಯಲ್ಲಿ 31 ಹೆಸರು, ಇಸಿಆರ್‌ನಲ್ಲಿ 29 ಇದ್ದರೆ ಉಳಿದಿಬ್ಬರು ಯಾರು, ಯಾಕೆ ಎಂಬ ಟಿಪ್ಪಣಿ ಮೊದಲೇ ಲಗತ್ತಿಸಿ.

ಬಾಯಿಮಾತಿನ ಆದೇಶಗಳು

ಹೌಸ್‌ಕೀಪಿಂಗ್‌ನವರನ್ನು ಶೌಚ ಗುಂಡಿಗೆ ಇಳಿಸಿ ಎಂದು ಯಾವ ಅಧಿಕಾರಿ ಹೇಳಿದರೂ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಇಳಿಸಿದ ಗುತ್ತಿಗೆದಾರನೂ ಜೈಲಿಗೆ ಹೋಗಬಹುದು. ಒಳಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷಕ್ಕೆ ಏರಿಸಿದೆ. ಯಂತ್ರ ತರಿಸಿ ಎಂದು ಪತ್ರ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ಹತ್ತು ಅಥವಾ ಹೆಚ್ಚು ಜನರಿದ್ದರೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿಯೂ ಬೇಕು. ಇಲಾಖೆಯಲ್ಲಿ ಸಮಿತಿ ಇದೆ ಎಂದು ನೀವು ಸುಮ್ಮನಿರುವಂತಿಲ್ಲ.

ಗುತ್ತಿಗೆ ಮುಗಿದಾಗ

ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಪಿಎಫ್ ಪೋರ್ಟಲ್‌ನಲ್ಲಿ ಎಲ್ಲರಿಗೂ ಕೆಲಸ ಬಿಟ್ಟ ದಿನಾಂಕ ಹಾಕಿ. ಕೆಲಸಗಾರರು ಅಲ್ಲೇ ಉಳಿದು ಏಜೆನ್ಸಿ ಮಾತ್ರ ಬದಲಾಗುವುದು ಸಾಮಾನ್ಯ. ಹಳೆಯ ಏಜೆನ್ಸಿಯಾದ ನೀವು ದಿನಾಂಕ ಹಾಕದಿದ್ದರೆ ಪಿಎಫ್ ವರ್ಗಾವಣೆ ಸಿಕ್ಕಿಕೊಂಡು ದೂರು ನೇರ ಇಲಾಖೆಗೆ ಹೋಗುತ್ತದೆ, ನಿಮ್ಮ ಭದ್ರತಾ ಠೇವಣಿ ಅಲ್ಲೇ ಕೂರುತ್ತದೆ. ಕೊನೆಯ ತಿಂಗಳ ಚಲನ್, ಬೋನಸ್ ಮತ್ತು ಗ್ರಾಚ್ಯುಟಿ ಕೊಟ್ಟ ಬ್ಯಾಂಕ್ ಪುರಾವೆ, ದಿನಾಂಕ ಹಾಕಿದ ಪಟ್ಟಿ ಇಷ್ಟನ್ನೂ ಲಗತ್ತಿಸಿದ ಮೇಲೆ ಠೇವಣಿ ವಾಪಸಿಗೆ ಅರ್ಜಿ ಕೊಡಿ.