ಭಾನುವಾರ ಮೂರು ಗಂಟೆಗೆ ಕೆಲಸ: ಜೆಪ್ಪುವಿನಲ್ಲಿ ಮೂರು ಸಭೆಗಳ ಯುವಜನರು

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯೊಡೆದು, ಮರಿಹುಳುವಾಗಿ, ಕೋಶ ಕಳಚಿ ಹಾರಲು ಮಂಗಳೂರಿನ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಮನೆಯ ಸುತ್ತ ನಿಂತ ನೀರನ್ನೆಲ್ಲ ಚೆಲ್ಲಿಬಿಟ್ಟರೆ ಮರಿ ರೆಕ್ಕೆ ಬಲಿಯುವ ಮೊದಲೇ ಸಾಯುತ್ತದೆ. ಒಂದು ವಾರ ತಪ್ಪಿದರೆ ಹಿಂದಿನ ವಾರಗಳ ದುಡಿಮೆಯೆಲ್ಲ ವ್ಯರ್ಥ. ಹಾಗಾದರೆ ಏಳು ದಿನಕ್ಕೊಮ್ಮೆ ತಪ್ಪದೆ ಒಂದೆಡೆ ಸೇರುವ ಅಭ್ಯಾಸ ಮೊದಲೇ ಇರುವವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ನಾವಿದ್ದೇವೆ. ಮಳೆಯಿರಲಿ, ಬಿಸಿಲಿರಲಿ, ಭಾನುವಾರ ಬಂತೆಂದರೆ ದೇವಾಲಯಕ್ಕೆ ಹೋಗುವವರು. ಮೂರು ಕ್ರೈಸ್ತ ಸಭೆಗಳ, ಎಂದರೆ ಮೂರು ಚರ್ಚುಗಳ, ಯುವಜನರನ್ನು ಸೇರಿಸಿ ನಾವು ಕಟ್ಟಿಕೊಂಡ ಕೆಲಸಕ್ಕೆ ಈ ಸರಳ ಲೆಕ್ಕವೇ ಬುನಾದಿ.

ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಾನು ಅಲ್ಲಿನ ಯುವಜನ ಸಂಘದ ಕಾರ್ಯದರ್ಶಿಯಾಗಿದ್ದಾಗ, 2019ರ ಜುಲೈನಲ್ಲಿ, ಮಂಗಳೂರಿನ ಗುಜ್ಜರಕೆರೆ, ಅರೆಕೆರೆಬೈಲು, ಜೆಪ್ಪು ಸುತ್ತಮುತ್ತ ಡೆಂಗಿ ಹಬ್ಬಿತು. ಒಂದೊಂದು ಓಣಿಯಲ್ಲಿ ಮನೆಮನೆಗೂ ಜ್ವರ. ನಮ್ಮ ಗಾಯನ ತಂಡದವರೇ ಸರದಿಯಂತೆ ಆಸ್ಪತ್ರೆ ಸೇರುತ್ತಿದ್ದರು. ಅಲ್ಲಿಯವರೆಗೆ ನಮ್ಮ ಪ್ರದೇಶದ ಕ್ರೈಸ್ತ ಯುವಜನರು ಒಟ್ಟಾಗುತ್ತಿದ್ದುದು ಎರಡು ಸಂದರ್ಭಗಳಲ್ಲಿ ಮಾತ್ರ: ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯ ಪ್ರಾರ್ಥನಾ ಸಪ್ತಾಹದಲ್ಲಿ ಒಂದು ಸಂಜೆ, ಡಿಸೆಂಬರಿನಲ್ಲಿ ಕ್ರಿಸ್ಮಸ್ ಗೀತೆಗಳ ಸ್ಪರ್ಧೆಯಲ್ಲಿ ಇನ್ನೊಂದು ಸಂಜೆ. ಭಾಷಣ, ಚಹಾ, ಗುಂಪು ಚಿತ್ರ. ಮರುದಿನ ರಸ್ತೆಯಲ್ಲಿ ಎದುರಾದರೆ ಹೆಸರು ನೆನಪಿರುತ್ತಿರಲಿಲ್ಲ.

ಮೂರು ಸಭೆಗಳೆಂದೆ. ನಾವು ಬಾಸೆಲ್ ಮಿಷನ್ ಪರಂಪರೆಯವರು. ಆ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1865ರಲ್ಲಿ ಇದೇ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ತೆರೆಯಿತು. ನಮ್ಮ ಎಷ್ಟೋ ಮನೆಗಳ ಅಜ್ಜ ಅಜ್ಜಿಯರು ಅಂಥ ಕಾರ್ಖಾನೆಗಳಲ್ಲಿ ಮಣ್ಣು ತುಳಿದವರು. ಪಕ್ಕದಲ್ಲೇ ಕೆಥೋಲಿಕರ ದೊಡ್ಡ ಚರ್ಚು, ಅವರಲ್ಲಿ ಕೆಥೋಲಿಕ ಯುವಜನರ ಸಂಘಟನೆಯಾದ ಐಸಿವೈಎಂನ ಘಟಕ. ಮನೆಮಾತು ಕೊಂಕಣಿ. ಮೂರನೆಯದು ಬಾಡಿಗೆಯ ಸಭಾಂಗಣದಲ್ಲಿ ಆರಾಧನೆ ನಡೆಸುವ ಸಣ್ಣ ಪೆಂಟಕೋಸ್ಟಲ್ ಸಭೆ. ಅದರಲ್ಲಿ ಘಟ್ಟದ ಮೇಲಿನವರೂ ಉತ್ತರದಿಂದ ಕೆಲಸಕ್ಕೆ ಬಂದವರೂ ಇದ್ದಾರೆ. ಮೂರೂ ಗುಂಪುಗಳು ಕೂತು ಮಾತಾಡುವಾಗ ತುಳು, ಬರೆದಿಡುವಾಗ ಕನ್ನಡ ಎಂದು ಮೊದಲ ದಿನವೇ ತಾನಾಗಿ ನಿರ್ಧಾರವಾಯಿತು. ತುಳು ಬಾರದವರಿಗೆ ಪಕ್ಕದಲ್ಲಿ ಕೂತವರು ಹಿಂದಿಯಲ್ಲಿ ಹೇಳುತ್ತಿದ್ದರು.

ಹೊತ್ತು ಗೊತ್ತುಮಾಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೆಥೋಲಿಕರ ಪೂಜೆ ಬೆಳಗ್ಗೆ ಬೇಗ ಮುಗಿಯುತ್ತದೆ, ಅವರಿಗೆ ಹತ್ತು ಗಂಟೆ ಅನುಕೂಲ. ಆ ಹೊತ್ತಿಗೆ ನಮ್ಮ ಆರಾಧನೆಯಲ್ಲಿ ಪ್ರಸಂಗ ಮುಗಿದಿರುವುದಿಲ್ಲ. ಪೆಂಟಕೋಸ್ಟಲ್ ಗೆಳೆಯರು ಮಧ್ಯಾಹ್ನ ಒಂದಕ್ಕೂ ಮುಂಚೆ ಆರಾಧನೆಯಿಂದ ಏಳುವವರಲ್ಲ. ಕೊನೆಗೆ ಊಟ ಮುಗಿಸಿ ಮೂರು ಗಂಟೆಗೆ ಎಂದಾಯಿತು. ಆ ಹೊತ್ತಿಗೆ ಊರಿನ ಮನೆಗಳಲ್ಲೂ ಜನ ಇರುತ್ತಾರೆ. ಒಂದೂವರೆ ಗಂಟೆ ಕೆಲಸ, ಚಹಾ, ಮನೆಗೆ. ಒಂದೂವರೆ ಗಂಟೆಗಿಂತ ಹೆಚ್ಚು ಬೇಡ ಎಂದು ನಾನು ಹಟ ಹಿಡಿದೆ. ಇಡೀ ಭಾನುವಾರವನ್ನು ಕೇಳುವ ಸೇವೆಗೆ ಮೊದಲ ತಿಂಗಳು ನೂರು ಜನ ಬಂದಾರು, ಮೂರನೆಯ ತಿಂಗಳು ಪದಾಧಿಕಾರಿಗಳಷ್ಟೇ ಉಳಿಯುತ್ತಾರೆ.

ಮನೆಗಳಿಗೆ ಹೋಗುವ ಮೊದಲು ನಮ್ಮ ನಮ್ಮ ಆವರಣಗಳನ್ನೇ ಹುಡುಕಿದೆವು. ಸಮಾಧಿಗಳ ಮೇಲಿನ ಹೂದಾನಿಗಳಿಗೆ ಟಾರ್ಚ್ ಬಿಟ್ಟು ನೋಡಿದಾಗ ಎಲ್ಲರೂ ಮೌನವಾದರು. ಆಷಾಢದ ಮಳೆ ತುಂಬಿದ ಸಿಮೆಂಟಿನ ಹೂದಾನಿಗಳು, ಸಾಲುಸಾಲು, ಬಹುತೇಕ ಎಲ್ಲದರಲ್ಲೂ ಮರಿಗಳು. ಸತ್ತವರ ನೆನಪಿಗೆ ಇಟ್ಟ ಪಾತ್ರೆಯಲ್ಲಿ ಬದುಕಿರುವವರ ಕಾಯಿಲೆ ಬೆಳೆಯುತ್ತಿತ್ತು. ಸಮಾಧಿಯ ವಸ್ತುವನ್ನು ಮುಟ್ಟುವುದು ಸೂಕ್ಷ್ಮ ವಿಚಾರ. ಆದ್ದರಿಂದ ನಮ್ಮ ಸಭಾಪಾಲಕರೂ ಕೆಥೋಲಿಕರ ಧರ್ಮಗುರುಗಳೂ ಆರಾಧನೆಯ ಪ್ರಕಟಣೆಯಲ್ಲೇ ಕುಟುಂಬಗಳ ಒಪ್ಪಿಗೆ ಕೇಳಿದರು. ಆಮೇಲೆ ಹೂದಾನಿಗಳ ತಳಕ್ಕೆ ರಂಧ್ರ ಕೊರೆದು ಒದ್ದೆ ಮರಳು ತುಂಬಿದೆವು. ಹೂವು ಮರಳಿನಲ್ಲೂ ನಿಲ್ಲುತ್ತದೆ. ನವೆಂಬರ್ 2ರ ಸತ್ತವರ ದಿನದ ಮುನ್ನ ಮತ್ತೊಮ್ಮೆ ಈ ಕೆಲಸವನ್ನು ಈಗಲೂ ಮಾಡುತ್ತೇವೆ. ಚರ್ಚಿನ ಮಾಡಿನ ದೋಣಿ, ಸಭಾಂಗಣದ ಹಿಂದಿನ ಮುರಿದ ಕುರ್ಚಿಗಳು, ಹಬ್ಬದ ಟಾರ್ಪಾಲಿನ ಮಡಿಕೆ ಎಲ್ಲವನ್ನೂ ನೋಡಿದ ಮೇಲೆ ಬೇರೆಯವರ ಮನೆಯ ಹಿತ್ತಿಲಿಗೆ ಕಾಲಿಡುವ ಅರ್ಹತೆ ಬಂತೆಂದು ನನಗನ್ನಿಸಿತು.

ಯಾವ ಮನೆಗೆ ಹೋಗಬೇಕೆಂಬುದಕ್ಕೆ ಪಟ್ಟಿ ಬೇಕಿತ್ತು. ಮೂರೂ ಸಭೆಗಳಲ್ಲಿ ಕ್ರಿಸ್ಮಸ್ ಗೀತೆ ಹಾಡಲು ಹೋಗುವ ಮನೆಗಳ ಪಟ್ಟಿ ಇತ್ತು. ಕೆಥೋಲಿಕರಲ್ಲಿ ವಾಡೆಗೊಬ್ಬ, ಎಂದರೆ ಚರ್ಚಿನ ಒಂದೊಂದು ವಾರ್ಡಿಗೊಬ್ಬ, ಮುಖಂಡರಾದ ಗುರಿಕಾರರಿದ್ದಾರೆ, ಅವರ ಬಾಯಲ್ಲೇ ಪಟ್ಟಿ. ಆದರೆ ಅವೆಲ್ಲ ಕ್ರೈಸ್ತರ ಮನೆಗಳು. ಸೊಳ್ಳೆಗೆ ಆ ಗಡಿ ಇಲ್ಲ. ಆದ್ದರಿಂದ ಆ ಪಟ್ಟಿಗಳನ್ನು ಬದಿಗಿಟ್ಟು ಆಶಾ ಕಾರ್ಯಕರ್ತೆಯ ಬಳಿ ಹೋದೆವು. ಅವರ ನೋಂದಣಿ ಪುಸ್ತಕದಲ್ಲಿ ಓಣಿಯ ಎಲ್ಲ ಮನೆಗಳೂ ಇವೆ, ಎಲ್ಲಿ ಜ್ವರ ಬಂದಿದೆ ಎಂಬುದೂ ಗೊತ್ತಿದೆ. ಅವರು ಹೇಳಿದ ಓಣಿಗೆ ಹೋಗುತ್ತೇವೆ, ಅವರು ಹೇಳಿದ ಕ್ರಮದಲ್ಲಿ. ಸೊಳ್ಳೆಮರಿಯನ್ನು ಕೊಲ್ಲುವ ಲಾರ್ವಾನಾಶಕ ಸಿಂಪಡಿಸುವುದು ಪಾಲಿಕೆಯ ಸಿಬ್ಬಂದಿಯ ಕೆಲಸ, ನಾವು ಆ ಡಬ್ಬಿಯನ್ನು ಮುಟ್ಟುವುದಿಲ್ಲ. ನೀರು ಚೆಲ್ಲುವುದು, ಮುಚ್ಚಳ ಹಾಕುವುದು, ತೋರಿಸಿಕೊಡುವುದು ನಮ್ಮದು.

ಮುಖ್ಯವಾದ ಮಾತು ಈಗ. ದಕ್ಷಿಣ ಕನ್ನಡದಲ್ಲಿ ಕ್ರೈಸ್ತ ಯುವಕರ ಗುಂಪೊಂದು ಭಾನುವಾರ ಮಧ್ಯಾಹ್ನ ಮನೆಮನೆಯ ಬಾಗಿಲು ತಟ್ಟಿದರೆ ಏನನ್ನಿಸಬಹುದು ಎಂಬುದು ನಮಗೆ ಗೊತ್ತಿತ್ತು. 2008ರ ಸೆಪ್ಟೆಂಬರಿನಲ್ಲಿ ಇದೇ ನಗರದಲ್ಲಿ ಚರ್ಚುಗಳ ಮೇಲೆ ನಡೆದ ದಾಳಿ ನಮ್ಮ ಮನೆಗಳಲ್ಲಿ ಯಾರೂ ಮರೆತಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆಯ ಕಾಯ್ದೆ ಬಂದ ಮೇಲೆ ಹಿರಿಯರ ಆತಂಕ ಇನ್ನೂ ಹೆಚ್ಚಾಯಿತು. ಅದಕ್ಕೆ ಹೆದರಿ ಮನೆಯಲ್ಲಿ ಕೂರುವುದು ನನಗೆ ಸರಿ ಕಾಣಲಿಲ್ಲ. ಅನುಮಾನವನ್ನು ಲೆಕ್ಕಿಸದೆ ನುಗ್ಗುವುದೂ ಸರಿಯಲ್ಲ. ನಾವು ಕೆಲವು ನಿಯಮ ಮಾಡಿಕೊಂಡೆವು. ಆಶಾ ಕಾರ್ಯಕರ್ತೆಯೋ ಆ ಓಣಿಯವರೇ ಆದ ಒಬ್ಬರೋ ಜೊತೆಗಿಲ್ಲದೆ ಯಾವ ಮನೆಗೂ ಹೋಗುವಂತಿಲ್ಲ. ಕೈಯಲ್ಲಿ ಕರಪತ್ರವಾಗಲಿ ಪುಸ್ತಕವಾಗಲಿ ಇರಕೂಡದು. ಮನೆಯವರಿಗೆ ಏನನ್ನೂ ಕೊಡಕೂಡದು, ಮಗುವಿಗೆ ಒಂದು ಬಿಸ್ಕತ್ತನ್ನೂ. ಕೊಟ್ಟದ್ದು ಎಷ್ಟೇ ಚಿಕ್ಕದಿರಲಿ, ಕೊಟ್ಟವರ ಉದ್ದೇಶದ ಬಗ್ಗೆ ಪ್ರಶ್ನೆ ಏಳುತ್ತದೆ. ಆದರೆ ಅವರು ಕೊಟ್ಟ ನೀರು, ಮಜ್ಜಿಗೆ, ಚಹಾವನ್ನು ಬೇಡವೆನ್ನಬಾರದು. ನೀವು ಯಾರು ಎಂದು ಕೇಳಿದರೆ ಮರೆಮಾಚದೆ ಸಭೆಯ ಹೆಸರನ್ನು ಹೇಳಬೇಕು.

ಈ ನಿಯಮಗಳ ಬಗ್ಗೆ ನಮ್ಮೊಳಗೇ ಬಿಸಿ ಚರ್ಚೆ ನಡೆಯಿತು. ಬಾಯಿ ಮುಚ್ಚಿ ಕೆಲಸ ಮಾಡುವುದಾದರೆ ಕ್ರಿಸ್ತನ ಹೆಸರಿಗೆ ಸಾಕ್ಷಿ ಎಲ್ಲಿ ಎಂದು ಒಬ್ಬರು ಕೇಳಿದರು. ಅವರ ಪ್ರಶ್ನೆ ಪ್ರಾಮಾಣಿಕವಾದದ್ದು, ನಾನದನ್ನು ತಳ್ಳಿಹಾಕಲಿಲ್ಲ. ಬಾಬೆಲಿಗೆ ಸೆರೆಹೋದ ತನ್ನ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರವನ್ನು ಓದಿದೆವು. ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬುದು ಅದರ ಸಾರ. ಶತ್ರುಗಳ ಊರಿನಲ್ಲಿದ್ದ ಪರದೇಶಿಗಳಿಗೇ ಹಾಗೆ ಹೇಳಿದ್ದಾನೆ. ನಮಗೆ ಮಂಗಳೂರು ಪರದೇಶವೂ ಅಲ್ಲ. ಇಲ್ಲಿನ ಮಣ್ಣಿನಿಂದ ನಮ್ಮ ಅಜ್ಜಂದಿರು ಸುಟ್ಟ ಹೆಂಚು ಇಲ್ಲಿನ ಎಲ್ಲ ಜಾತಿ ಮತದವರ ಮಾಡಿನ ಮೇಲಿದೆ. ಈ ಊರಿಗೆ ಮಾಡುವ ಕೆಲಸಕ್ಕೆ ಬೇರೆ ಸಮರ್ಥನೆ ಬೇಕಿಲ್ಲ ಎಂಬುದು ನನ್ನ ನಂಬಿಕೆ, ಈಗಲೂ.

ಮನೆಯೊಳಗಿನ ಹುಡುಕಾಟ ಹೇಗಿರುತ್ತದೆ ಎಂದರೆ, ಒಂದು ಬಿಳಿ ಪಿಂಗಾಣಿ ಬಟ್ಟಲು, ಒಂದು ಸೌಟು, ಒಂದು ಟಾರ್ಚ್, ಅಷ್ಟೇ. ಎಲ್ಲರೂ ಮೊದಲು ಚರಂಡಿಯತ್ತ ಕೈ ತೋರಿಸುತ್ತಾರೆ. ಈಡಿಸ್‌ಗೆ ಬೇಕಾದದ್ದು ತಿಳಿನೀರು. ಜೆಪ್ಪುವಿನ ಹಿತ್ತಿಲುಗಳಲ್ಲಿ ಮೊದಲು ನೋಡಬೇಕಾದದ್ದು ಬಿದ್ದ ಅಡಿಕೆ ಹಾಳೆಯ ಗುಳಿ, ಎಳನೀರಿನ ಚಿಪ್ಪು, ಹೂಕುಂಡದ ತಟ್ಟೆ, ಬೈಕಿನ ಮೇಲೆ ಹೊದೆಸಿದ ಪ್ಲಾಸ್ಟಿಕ್ ಹಾಳೆಯ ತಗ್ಗು. ಮನೆಯೊಳಗೆ ಫ್ರಿಜ್ಜಿನ ಹಿಂಭಾಗ. ಅಲ್ಲಿ ಕೆಳಗೆ ಒಂದು ತಟ್ಟೆ ಇರುತ್ತದೆ, ಮಂಜು ಕರಗಿದ ನೀರು ಅದರಲ್ಲಿ ನಿಲ್ಲುತ್ತದೆ, ವರ್ಷಗಟ್ಟಲೆ ಯಾರೂ ಎಳೆದು ನೋಡಿರುವುದಿಲ್ಲ. ಮನೆಯೊಡತಿಯ ಎದುರೇ ಆ ನೀರನ್ನು ಬಿಳಿ ಬಟ್ಟಲಿಗೆ ಸುರಿದು ಟಾರ್ಚ್ ಬೆಳಗಿಸಿದರೆ, ದಾರದ ತುಂಡಿನಂಥ ಮರಿಗಳು ತಲೆ ಕೆಳಗಾಗಿ ಓರೆಯಾಗಿ ತೂಗುತ್ತಿರುತ್ತವೆ. ಬೆಳಕು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿಯುತ್ತವೆ, ಉಸಿರಿಗಾಗಿ ಮತ್ತೆ ಮೇಲೆ ಬರುತ್ತವೆ. ಬಾವಿಯಿಂದಲೋ ಮೇಲಿನ ಟ್ಯಾಂಕಿನಿಂದಲೋ ಎತ್ತಿದ ನೀರಿನಲ್ಲಿ ಮರಿ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅದು ಮಲೇರಿಯಾದ ಅನಾಫಿಲಿಸ್. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಉಪದೇಶ ಬೇಕಾಗುವುದಿಲ್ಲ. ಒಬ್ಬ ಅಜ್ಜಿ, ಮೊದಲು ನಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿದವರು, ಬಟ್ಟಲನ್ನು ನಮ್ಮ ಕೈಯಿಂದ ಕಸಿದುಕೊಂಡು ಪಕ್ಕದ ಮನೆಗೆ ತೋರಿಸಲು ಹೊರಟರು. ಅವರ ಓಣಿಯಲ್ಲಿ ಅಂದು ನಾವು ಬಾಗಿಲು ತಟ್ಟಬೇಕಾಗಲಿಲ್ಲ. ಪಾತ್ರೆಯನ್ನು ಬರಿದು ಮಾಡಿದರೆ ಸಾಲದು, ಒಳಬದಿಯನ್ನು ಉಜ್ಜಬೇಕು. ಅಂಟಿಕೊಂಡ ಮೊಟ್ಟೆಗಳು ಒಣಗಿ ತಿಂಗಳುಗಟ್ಟಲೆ ಇದ್ದು, ನೀರು ಬಿದ್ದಾಗ ಮತ್ತೆ ಒಡೆಯುತ್ತವೆ. ಬಾವಿಗಳಿಗೆ ಗಪ್ಪಿ ಮೀನು ಬಿಡುವುದು ಒಳ್ಳೆಯ ದಾರಿ.

ಜೋಡಿಗಳನ್ನು ನಾವು ಬೇಕೆಂದೇ ಬೆರೆಸುತ್ತೇವೆ: ಒಂದು ಜೋಡಿಯಲ್ಲಿ ಒಂದೇ ಸಭೆಯ ಇಬ್ಬರು ಇರಬಾರದು. ವೇದಿಕೆಯ ಮೇಲೆ ಕೂತು ಐಕ್ಯದ ಬಗ್ಗೆ ಹೇಳಿದ ಮಾತುಗಳಿಂದ ಆಗದ್ದು ಒಂದೇ ಕೊಡೆಯ ಕೆಳಗೆ ಏಣಿ ಹೊತ್ತು ನಡೆಯುವಾಗ ಆಯಿತು. ಜಪಮಾಲೆ ಯಾಕೆ, ದೀಕ್ಷಾಸ್ನಾನ ದೊಡ್ಡವರಾದ ಮೇಲೇ ಯಾಕೆ, ನಿಮ್ಮಲ್ಲಿ ಪಾಪನಿವೇದನೆ ಇಲ್ಲವೇ, ಇಂಥ ಪ್ರಶ್ನೆಗಳನ್ನು ಈ ಹುಡುಗ ಹುಡುಗಿಯರು ಹಂಗಿಲ್ಲದೆ ಕೇಳಿಕೊಂಡರು. ಪವಿತ್ರ ಭೋಜನವನ್ನು ನಾವು ಇನ್ನೂ ಒಟ್ಟಾಗಿ ಸ್ವೀಕರಿಸಲಾರೆವು, ಆ ನೋವು ಇದೆ. ಕೆಲಸ ಶುರುವಾಗುವ ಮೊದಲು ಕರ್ತನ ಪ್ರಾರ್ಥನೆಯನ್ನು ಒಟ್ಟಾಗಿ ಹೇಳುತ್ತೇವೆ. ಕೆಥೋಲಿಕರು ಕೇಡಿನಿಂದ ತಪ್ಪಿಸು ಎಂಬಲ್ಲಿಗೆ ನಿಲ್ಲಿಸುತ್ತಾರೆ, ನಮ್ಮವರು ರಾಜ್ಯವೂ ಬಲವೂ ಮಹಿಮೆಯೂ ಎಂದು ಮುಂದುವರಿಸುತ್ತಾರೆ. ಅವರು ಕಣ್ಣು ತೆರೆಯದೆ ನಮಗಾಗಿ ಕಾಯುತ್ತಾರೆ.

ಬ್ಯಾನರಿನ ವಿಷಯ ಬೇಗ ಮುಗಿಸುತ್ತೇನೆ. ಯಾರ ಲಾಂಛನ ಮೊದಲು ಎಂಬ ಮಾತು ಎದ್ದಿತು. ಬ್ಯಾನರೇ ಬೇಡ ಎಂದೆವು. ಮೂರೂ ಕಡೆಯ ಹಿರಿಯರಲ್ಲಿ ಕೆಲವರಿಗೆ ಬೇಸರವಾಯಿತು, ಮುಂದೆ ಅವರೂ ಒಪ್ಪಿದರು. ಬ್ಯಾನರ್ ಇಲ್ಲದ್ದರಿಂದಲೇ ಬೋಳಾರ ಕಡೆಯ ಮುಸ್ಲಿಂ ಗೆಳೆಯರೂ ನಮ್ಮ ಓಣಿಯ ಯುವಕ ಮಂಡಲದವರೂ ಸುಲಭವಾಗಿ ಜೊತೆ ಸೇರಿದರು.

ಬೇರೆ ಬೇರೆ ಸಭೆಗಳು ಸೇರುವುದರಿಂದ ಇನ್ನೊಂದು ಲಾಭವಿದೆ, ಅದನ್ನು ನಾನು ಮೊದಲು ಊಹಿಸಿರಲಿಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 8ರ ಮೊಂತಿ ಹಬ್ಬದವರೆಗೆ (ಮಾತೆ ಮರಿಯಳ ಹುಟ್ಟುಹಬ್ಬ) ಕೆಥೋಲಿಕರಿಗೆ ನವದಿನದ ಪ್ರಾರ್ಥನೆ, ಹೊಸ ತೆನೆ, ಮಕ್ಕಳ ಹೂವು. ಆಗ ನಾವು ಅವರ ಓಣಿಗಳನ್ನೂ ನೋಡಿಕೊಳ್ಳುತ್ತೇವೆ. ನಮ್ಮ ಬೆಳೆಹಬ್ಬದ ವಾರ ಅವರು ನಮ್ಮದನ್ನು. ಇಂಥ ಹಬ್ಬಗಳಿಲ್ಲದ ಪೆಂಟಕೋಸ್ಟಲ್ ಗೆಳೆಯರು ಎರಡೂ ಸಲ ಗಟ್ಟಿಯಾಗಿ ನಿಲ್ಲುತ್ತಾರೆ. ಒಂದೇ ಸಭೆ ಈ ಕೆಲಸ ಹಿಡಿದಿದ್ದರೆ ಪ್ರತಿ ಹಬ್ಬಕ್ಕೂ ಒಂದು ಭಾನುವಾರ ಕಳಚಿ, ಸೊಳ್ಳೆಗೆ ಅಷ್ಟೇ ಸಾಕಾಗುತ್ತಿತ್ತು.

2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಲಾರ್ವಾ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಆಗ ಮತ್ತೊಂದು ಬಗೆಯ ಅನುಮಾನ ಶುರುವಾಯಿತು: ನಾವು ದಂಡ ಹಾಕಿಸುವವರೇ? ಮೊಬೈಲಿನಲ್ಲಿ ಮನೆಗಳ ಚಿತ್ರ ತೆಗೆಯುವುದನ್ನು ಅಂದೇ ಪೂರ್ತಿ ನಿಲ್ಲಿಸಿದೆವು. ಕಂಡದ್ದನ್ನು ಮನೆಯವರಿಗೆ ಮಾತ್ರ ಹೇಳುತ್ತೇವೆ, ಅವರ ಎದುರೇ ಸರಿಪಡಿಸುತ್ತೇವೆ.

ಈ ಮಳೆಗಾಲಕ್ಕೆ ನಮ್ಮ ಮುಂದಿರುವ ಕೆಲಸ ಕಟ್ಟಡ ಕಾಮಗಾರಿಗಳದ್ದು. ಲಿಫ್ಟಿಗಾಗಿ ತೋಡಿದ ಗುಂಡಿ, ಕಾಂಕ್ರೀಟ್ ಒಣಗದಂತೆ ಕಟ್ಟಿ ನಿಲ್ಲಿಸಿದ ನೀರು, ಕಾರ್ಮಿಕರ ಶೆಡ್ಡಿನ ಡ್ರಮ್ಮು. ಮಂಗಳೂರಿನಲ್ಲಿ ಕಾಣುವ ಮಲೇರಿಯಾದಲ್ಲಿ ಹೆಚ್ಚಿನದು ವೈವಾಕ್ಸ್ ಬಗೆಯದು. ಅದು ಯಕೃತ್ತಿನಲ್ಲಿ ಅಡಗಿ ಕುಳಿತು ಮತ್ತೆ ಮರಳುತ್ತದೆ, ಅದಕ್ಕಾಗಿ 14 ದಿನ ಪ್ರೈಮಾಕ್ವಿನ್ ಮಾತ್ರೆ ನುಂಗಬೇಕು. ಜ್ವರ ಮೂರನೇ ದಿನ ಇಳಿದೊಡನೆ ಕಾರ್ಮಿಕರು ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ, ದಿನಗೂಲಿಯವರಿಗೆ ಬೇರೆ ದಾರಿಯೂ ಇಲ್ಲ. ಪೆಂಟಕೋಸ್ಟಲ್ ಸಭೆಯಲ್ಲಿ ಹಿಂದಿ, ಒಡಿಯಾ ಬಲ್ಲ ಹುಡುಗರಿದ್ದಾರೆ. ಆರೋಗ್ಯ ಕೇಂದ್ರದವರು ಯಾರ ಹೆಸರು ಕೊಡುತ್ತಾರೋ, ರೋಗಿ ಒಪ್ಪಿದರೆ, ಅವರಿಗೆ ದಿನವೂ ಸಂಜೆ ಕರೆ ಮಾಡಿ ಇಂದಿನ ಮಾತ್ರೆ ಆಯಿತೇ ಎಂದು ಅವರ ಮಾತಿನಲ್ಲೇ ಕೇಳುವುದು, ಬಿಟ್ಟಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸುವುದು ಎಂದು ಮಾತಾಗಿದೆ. ಗುತ್ತಿಗೆದಾರರಲ್ಲಿ ಕೆಲವರು ಭಾನುವಾರ ಒಳಗೆ ಬಿಡಲು ಒಪ್ಪಿದ್ದಾರೆ, ಕೆಲವರು ಇನ್ನೂ ಇಲ್ಲ. ಒಪ್ಪಿದವರ ಕಾಮಗಾರಿಗಳಿಂದ ಜೂನ್ ಮೊದಲ ಭಾನುವಾರ ಶುರು ಮಾಡುತ್ತೇವೆ.